ಸೊಲ್ಲೆತ್ತುವವನ ಹೊಟ್ಟೆ

ಆಗಸ್ಟ್ 20, 1958. ಬುಧವಾರ

ಇದು ಬಟ್ಟೆ ನಮೂನೆ ಬರೆಯೋ ಪುಸ್ತಕ. ಹಿಂದಿನ ಹಾಳೆಗಳು ಖಾಲಿ ಇದ್ವು. ಡಾಕ್ಟ್ರು ಬರಿ ಅಂದಿದ್ದಕ್ಕೆ ಬರೀತಿದೀನಿ. ಹದಿನೈದಕ್ಕೆ ಸ್ಕೂಲು ಬಿಟ್ಟ ಮೇಲೆ ಪೆನ್ನು ಹಿಡಿದಿದ್ದು ಯಾವ ಬಣ್ಣದ ನೂಲು ಎಷ್ಟು ಎಳೆ ಅಂತ ಗುರುತು ಹಾಕೋಕೆ ಮಾತ್ರ.

ಎದೆ ಮೇಲೆ ಕೊಳವೆ ಇಟ್ಟು ತುಂಬಾ ಹೊತ್ತು ಕೇಳಿದ್ರು. ಎತ್ತಿನ ಎದೆ ಕಣೋ ನಿಂದು, ಏನೂ ಆಗಿಲ್ಲ ಅಂದ್ರು. ಮತ್ತೆ ಯಾಕೆ ಹಿಂಗೆ ಹೊಡ್ಕೊಳ್ಳುತ್ತೆ ಅಂದೆ. ಯಾವಾಗ ಹೊಡ್ಕೊಳ್ಳುತ್ತೆ, ಜೊತೆಗೆ ಇನ್ನೇನೇನಾಗುತ್ತೆ, ಎಲ್ಲಾ ಬರೆದಿಟ್ಟು ಒಂದೆರಡು ತಿಂಗಳಾದ ಮೇಲೆ ತಗೊಂಡು ಬಾ ಅಂದ್ರು.

ಯಾವಾಗ ಅಂತ ನಂಗೆ ಗೊತ್ತು. ನಾಚಿಕೆಯಾಗಿ ಹೇಳಲಿಲ್ಲ.

ಇವತ್ತು ಸಂಜೆ ಚರ್ಚಿನ ಪ್ರಾರ್ಥನೆ ಕೂಟದಲ್ಲಿ ಅಪ್ಪನ ಬದಲು ನಾನು ಸೊಲ್ಲು ಎತ್ತಬೇಕು. ಇದು ಮೂರನೇ ಬುಧವಾರ. ಬೆಳಗ್ಗೆಯಿಂದ ಒಂಬತ್ತು ಸಲ ಉಚ್ಚೆಗೆ ಹೋದೆ. ಅಂಗೈ ಒದ್ದೆ, ಬಾಯಿ ಒಣಗಿ ಹೋಗಿದೆ, ಒಂದೇ ಮೈಯಲ್ಲಿ ನೀರು ಹಿಂಗೆ ಜಾಗ ಬದಲಾಯಿಸೋದು ಹೆಂಗೋ. ಮೊಣಕಾಲ ಹಿಂದೆ ಏನೋ ಪಟಪಟ ಅಂತ ಹಾರುತ್ತೆ. ಮಧ್ಯಾಹ್ನ ಉಪ್ಪುಮೀನು, ಆಲೂಗಡ್ಡೆ ಹಾಗೇ ಬಿಟ್ಟೆ.

ಹಾಡೋಕೆ ಬರಲ್ಲ ಅಂತಲ್ಲ. ಮಗ್ಗದ ಮುಂದೆ ಕೂತ್ರೆ ಎಲ್ಲಾ ಕೀರ್ತನೆ, ಎಲ್ಲಾ ಮಟ್ಟು ತಾನಾಗೇ ಬರುತ್ತೆ. ಅಪ್ಪ ಹೇಳಿಕೊಟ್ಟಿದ್ದು.

ಆಗಸ್ಟ್ 21

ಮುಗೀತು. ಹದಿನಾಲ್ಕು ಜನ ಇದ್ರು, ಹನ್ನೊಂದು ಜನ ಮುದುಕೀರು. ಮೊದಲ ಸೊಲ್ಲು ಗಂಟಲಲ್ಲೇ ಸಿಕ್ಕಿಹಾಕ್ಕೊಂಡು ಕುರಿ ಕೆಮ್ಮಿದ ಹಂಗೆ ಹೊರಗೆ ಬಂತು. ಆದ್ರೂ ಅವ್ರು ಹಿಡ್ಕೊಂಡ್ರು. ನಮ್ಮಲ್ಲಿ ಹಂಗೇ. ವಾದ್ಯ ಗೀದ್ಯ ಏನೂ ಇಲ್ಲ. ಒಬ್ಬ ಒಂದು ಸಾಲು ಎತ್ತಬೇಕು, ಜನ ಅದೇ ಸಾಲನ್ನ ಹಿಡಿದು ಎಳೀಬೇಕು. ಅವನು ಹೆಂಗೆ ಎತ್ತಿದ್ರೆ ಹಂಗೆ. ಸರಿ ಇಲ್ಲ ಅಂತ ಯಾರೂ ನಿಲ್ಲಿಸಲ್ಲ, ಬಾಯಿ ಮುಚ್ಚಲ್ಲ.

ಮನೆಗೆ ಬಂದಾಗ ಅಪ್ಪ ಒಲೆ ಪಕ್ಕ ಕೂತಿದ್ದ. ಜೂನ್‌ನಲ್ಲಿ ಉರುವಲು ಮಣ್ಣಿನ ಹೆಂಟೆ ಒಟ್ಟುವಾಗ ಲಕ್ವ ಹೊಡೆದು ಬಿದ್ದಿದ್ದು. ಅವತ್ತಿಂದ ಬಲಗೈ, ಬಲಗಾಲಿಗೆ ಸ್ವಾಧೀನ ಇಲ್ಲ, ಮಾತಿಲ್ಲ. ಇರೋದು ಎರಡೇ, 'ಹೂಂ' ಮತ್ತೆ 'ಅಲ್ಲ'. ಊರಲ್ಲಿ ಫಿನ್ಲೆ ಅನ್ನೋ ಹೆಸರಿನವರು ಬೇಕಾದಷ್ಟು ಜನ ಇದಾರೆ ಅಂತ ಅಪ್ಪನಿಗೆ 'ದನಿ ಫಿನ್ಲೆ' ಅಂತ ಹೆಸರಿಟ್ಟಿದ್ರು. ಈಗಲೂ ಹಂಗೇ ಅಂತಾರೆ. ಬೇರೆ ಇಡೋಕೆ ಯಾರಿಗೂ ಮನಸ್ಸು ಬಂದಿಲ್ಲ.

ಹೆಂಗಾಯ್ತು ಅಂತ ಕಣ್ಣಲ್ಲೇ ಕೇಳಿದ. ಚೆನ್ನಾಗಾಯ್ತು ಅಂದೆ. 'ಅಲ್ಲ' ಅಂದ.

ಆಗಸ್ಟ್ 30

ಗೆಳೆಯ ಸೋರ್ಲಿ ತಿಮಿಂಗಿಲ ಬೇಟೆ ಹಡಗಿನವರು ಕೆಲಸಕ್ಕೆ ಕರೆದ ಕಾಗದ ತಂದುಕೊಟ್ಟ. ಅವನಿಗೂ ಬಂದಿದೆ, ನಂಗೂ. ದಕ್ಷಿಣ ಸಮುದ್ರಕ್ಕೆ, ಆರು ತಿಂಗಳು. ಅಕ್ಟೋಬರ್ 31ರ ಒಳಗೆ ಸಹಿ ಹಾಕಿ ಕಳಿಸಬೇಕು. ಈಗಲೇ ಹಾಕ್ತೀನಿ ಅಂದೆ. ಇಪ್ಪತ್ತೆರಡು ವರ್ಷ ಈ ದ್ವೀಪದ ಗಾಳೀಲೇ ಕಳೀತು. ಮಗ್ಗದ ಪೆಡಲು ತುಳಿದೂ ತುಳಿದೂ ಎಲ್ಲೂ ಹೋಗದೆ ಇರೋದು ಸಾಕಾಗಿದೆ.

ಅಮ್ಮ ಪಾತ್ರೆ ಉಜ್ಜುತಾ ಇದ್ಲು, ತಿರುಗಿ ನೋಡಲಿಲ್ಲ. ಸಹಿ ಆಮೇಲೆ ಅಂದ್ಕೊಂಡು ಕಾಗದಾನ ಗಡಿಯಾರದ ಹಿಂದೆ ಇಟ್ಟೆ.

ಸೋರ್ಲಿಗೆ ಬುಧವಾರದ ವಿಷಯ ಹೇಳಿದ್ದೇ ತಪ್ಪಾಯ್ತು. 'ತಿಮಿಂಗಿಲದ ಹೊಟ್ಟೆ ಸೀಳೋಕೆ ಬರ್ತೀನಿ ಅಂತೀಯ, ಹನ್ನೊಂದು ಮುದುಕೀರ ಮುಂದೆ ಬಾಯಿ ಬಿಡು ಅಂದ್ರೆ ಉಚ್ಚೆ ಬರುತ್ತಾ ನಿಂಗೆ' ಅಂದ. ಮಾತಿಗೆ ಅಂದಿದ್ದು. ಅವನಿಗೇನು ಗೊತ್ತು, ನಿಜವಾಗ್ಲೂ ಅದೇ ಬರುತ್ತೆ ಅಂತ.

ನಾನು ಹೆದರುಪುಕ್ಕಲ ಅಲ್ಲ. ಕುರಿ ಇಳಿಸೋಕೆ ಬಂಡೆ ತುದೀಲಿ ಒಂದೇ ಕಾಲಲ್ಲಿ ನಿಂತಿದೀನಿ, ಆಗ ಈ ಮೈ ಕಲ್ಲಿನ ಹಂಗಿತ್ತು. ಹೋದ ವರ್ಷ ದೋಣಿ ಮಗುಚಿದಾಗ ಸೋರ್ಲಿ ಅತ್ತ, ನಾನು ಅಳಲಿಲ್ಲ.

ಅಪ್ಪನಿಗೆ ಇದೆಲ್ಲ ಇರಲಿಲ್ಲ. ಮೂವತ್ತೊಂದು ವರ್ಷ ಸೊಲ್ಲೆತ್ತಿದ. ಭಾನುವಾರ ಬೆಳಗ್ಗೆ ಎದ್ದು, ಕಪ್ಪು ಕೋಟು ಹಾಕ್ಕೊಂಡು, ಹಸು ನೋಡ್ಕೊಂಡು ಬರ್ತೀನಿ ಅಂತ ಕೊಟ್ಟಿಗೆ ಕಡೆ ಹೋಗಿ ಬಂದು, ನೆಟ್ಟಗೆ ಚರ್ಚಿಗೆ ನಡೀತಿದ್ದ. ಕಂಬದ ಹಂಗೆ.

ಸೆಪ್ಟೆಂಬರ್ 11

ಮಗ್ಗದ ಶೆಡ್ಡಿನ ಬಾಗಿಲಲ್ಲಿ ಮೀನಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಅಪ್ಪ ಕೂತ್ಕೋತಾನೆ. ನಾನು ಹಾಡ್ತೀನಿ, ಅವನು ಎಡಗೈಯಲ್ಲಿ ತೊಡೆ ತಟ್ತಾನೆ. ಸರಿ ಇಲ್ಲದಿದ್ರೆ 'ಅಲ್ಲ'. ಇವತ್ತು ಒಂದೇ ಕೀರ್ತನೆಗೆ ಮೂವತ್ತು ಸಲ 'ಅಲ್ಲ' ಅಂದಿರಬೇಕು.

ಎದ್ದು ಕೂಗಿಬಿಟ್ಟೆ. 'ಅಲ್ಲ ಅಲ್ಲ ಅಂದ್ರೆ ಇನ್ನೇನು ಅಂತ ಹೇಳು. ಬಾಯಿ ಬಿಟ್ಟು ಹೇಳು ನೋಡಣ' ಅಂದೆ.

ಅಂದ ಮೇಲೆ ಗೊತ್ತಾಯ್ತು ಏನಂದೆ ಅಂತ. ಅವನ ಬಾಯಿ ಒಂದು ಕಡೆ ಮಾತ್ರ ಅಲ್ಲಾಡ್ತು. ಆಮೇಲೆ ಎಡಗೈ ನನ್ನ ಹೊಟ್ಟೆ ಮೇಲಿಟ್ಟು ಒಳಗೆ ಒತ್ತಿದ. ಏನು ಅಂತ ಅರ್ಥ ಆಗ್ಲಿಲ್ಲ. ಹೊಟ್ಟೆಯಿಂದ ಹಾಡು ಅಂತಿರಬೇಕು.

ಸೆಪ್ಟೆಂಬರ್ 24. ಬುಧವಾರ

ಎಂಟು ಸಲ. ಬೆವರು. ಎಡಗಣ್ಣಿನ ರೆಪ್ಪೆ ಹಾರೋದು ಹೊಸದು. ಊಟದ ಬದಲು ಸೋಡಾ ಪುಡಿ ಕಲಸಿ ಕುಡಿದೆ. ಅಲಮಾರೀಲಿ ಅಪ್ಪನ ಡಬ್ಬ ಇತ್ತು, ಅರ್ಧ ಖಾಲಿ. ಅವನಿಗೂ ಹೊಟ್ಟೆ ನೆಟ್ಟಗಿರಲಿಲ್ಲ ಅಂದ್ಲು ಅಮ್ಮ. ನಮ್ಮ ವಂಶದ ಹೊಟ್ಟೆನೇ ಹಿಂಗೇನೋ.

ಅಕ್ಟೋಬರ್ 12. ಭಾನುವಾರ

ಭಾನುವಾರ ಬರೀಬಾರದು. ಬರೀತಿದೀನಿ.

ಅಪ್ಪ ಬಿದ್ದ ಮೇಲೆ ಭಾನುವಾರ ಸೊಲ್ಲೆತ್ತುತಿದ್ದಿದ್ದು ಹೆಕ್ಟರ್ ಮೇಷ್ಟ್ರು. ಅವ್ರನ್ನ ನಿನ್ನೆ ಗ್ಲಾಸ್ಗೋ ಆಸ್ಪತ್ರೆಗೆ ಒಯ್ದಿದಾರೆ, ಕಿಡ್ನಿ. ಈ ವಾರ ಪ್ರಭುಭೋಜನದ ವಾರ. ಗುರುವಾರ ಉಪವಾಸದ ದಿನ, ಬೇರೆ ಬೇರೆ ಊರಿಂದ ಜನ ಬರ್ತಾರೆ, ನಾನೂರು ಐನೂರು. ಉಳಿದ ದಿನಗಳಿಗೆ ಹೊರಗಿನವರು ಸಿಕ್ಕಿದಾರಂತೆ. ಗುರುವಾರ ಬೆಳಗ್ಗೆಗೆ ಯಾರೂ ಇಲ್ಲ.

ಹಿರಿಯರ ಮಂಡಳಿಯ ಇವ್ಯಾಂಡರ್ ಅವ್ರು ಚರ್ಚು ಬಿಟ್ಟ ಮೇಲೆ ಮನೆಗೇ ಬಂದ್ರು. ಅಪ್ಪನ ವಯಸ್ಸಿನವರು, ಅವನ ಜೊತೆ ಮೀನು ಹಿಡಿದವರು. ನಾನಿನ್ನೂ ಪ್ರಭುಭೋಜನದ ಮೇಜಿಗೆ ಕೂತವನಲ್ಲ, ನಂಬಿಕೆ ಹೇಳ್ಕೊಂಡವನಲ್ಲ, ನನ್ನಂಥೋನಿಗೆ ಹೆಂಗೆ ಕೊಡ್ತೀರ ಅಂದೆ. ಇದೊಂದು ನೆವ ಸಿಕ್ಕಿತ್ತು. ಗುರುವಾರಕ್ಕೆ ಅಡ್ಡಿ ಇಲ್ಲ, ಮಂಡಳೀಲಿ ಮಾತಾಡಿದೀವಿ ಅಂದ್ರು. ನಮ್ಮೂರ ಚರ್ಚಲ್ಲಿ ಸೊಲ್ಲೆತ್ತೋಕೆ ನಮ್ಮೂರವನೇ ಇಲ್ಲ ಅಂತ ಆಗಬಾರದು ಅಂದ್ರು. ಅಪ್ಪನ್ನ ನೋಡಿದ್ರು. ಅಪ್ಪ 'ಹೂಂ' ಅಂದ.

ನಾನು ಎದ್ದು ಹೊರಗೆ ಹೋದೆ. ಉಚ್ಚೆ ತಡೀಲಿಲ್ಲ.

ಅಕ್ಟೋಬರ್ 14. ಮಂಗಳವಾರ

ಜಾಗ ಅಭ್ಯಾಸ ಆಗಲಿ ಅಂತ ಚರ್ಚಿನ ಕೀ ತಗೊಂಡು ಹೋಗಿ ಒಬ್ಬನೇ ಕೂತು ಬಂದೆ. ಪಾದ್ರಿ ನಿಲ್ಲೋ ಎತ್ತರದ ಕಟ್ಟೆಯ ಕೆಳಗೆ ಒಂದು ಮರದ ಗೂಡು, ಅದೇ ಅಪ್ಪನ ಜಾಗ. ಬುಧವಾರದ ಕೂಟ ಪಕ್ಕದ ಕೋಣೇಲಿ ಆಗೋದ್ರಿಂದ ನಾನು ಇಲ್ಲಿ ಯಾವತ್ತೂ ಕೂತಿರಲಿಲ್ಲ. ಅಲ್ಲಿಂದ ನೋಡಿದ್ರೆ ಬೆಂಚುಗಳೆಲ್ಲ ನಮ್ಮನ್ನೇ ನುಂಗೋಕೆ ಬಾಯಿ ತೆಗೆದಂಗಿವೆ. ಖಾಲಿ ಬೆಂಚು ನೋಡಿಯೇ ಬೆನ್ನಲ್ಲಿ ಬೆವರು ಇಳೀತು.

ಪುಸ್ತಕ ಇಡೋ ಹಲಗೆಯ ಅಡಿ ಭಾಗದಲ್ಲಿ ಎಡಗಡೆ ಬಣ್ಣ ಹೋಗಿದೆ. ನಾಲ್ಕು ಗುಳಿ. ಇಲಿ ಕಡಿದಿರಬೇಕು ಅಂತ ಕೈ ಆಡಿಸಿದೆ. ನುಣ್ಣಗಿತ್ತು. ನನ್ನ ನಾಲ್ಕು ಬೆರಳೂ ಸರಿಯಾಗಿ ಕೂತ್ವು. ಅಪ್ಪ ಅಲ್ಲಿ ಬೆರಳು ಬಡಿದು ತಾಳ ಹಾಕ್ತಿದ್ದ ಅಂತ ಕಾಣುತ್ತೆ.

ಅಕ್ಟೋಬರ್ 16. ಗುರುವಾರ

ಬರೆಯೋಕಾಗಲ್ಲ.

ಅಕ್ಟೋಬರ್ 18

ಬರೀತೀನಿ. ಡಾಕ್ಟ್ರಿಗೆ ಅಲ್ಲ.

ಗುರುವಾರ ಬೆಳಗ್ಗೆ ಎದ್ದಾಗಿಂದ ವಾಂತಿ ಬರೋ ಹಂಗಿತ್ತು. ಹಲ್ಲು ಕಚ್ಚಿ ತಡ್ಕೊಂಡೆ. ಉಪವಾಸದ ದಿನ, ಕಪ್ಪು ಕೋಟು, ಗಂಡಸಾಗಿ ವಾಂತಿ ಮಾಡ್ಕೊಂಡು ಕೂರೋದೇನು ಅಂತ. ಅಪ್ಪನ್ನ ಸೋರ್ಲಿಯ ದೊಡ್ಡಪ್ಪನ ವ್ಯಾನಲ್ಲಿ ಕರ್ಕೊಂಡು ಬಂದ್ರು. ಜೂನ್ ಆದ ಮೇಲೆ ಅವನು ಚರ್ಚಿಗೆ ಬಂದಿದ್ದು ಅದೇ ಮೊದಲು. ಅಮ್ಮನ ಪಕ್ಕ, ಮೂರನೇ ಬೆಂಚು, ಗೂಡಿಗೆ ನೇರ ಎದುರು.

ಪಾದ್ರಿ ಕೀರ್ತನೆ ಹೇಳಿ ಕೂತ್ರು. ಬಾಯಿ ತೆಗೆದೆ. ಹೆದರಿಕೆ ಗಂಟಲನ್ನ ಹಿಡಿದು ಮೇಲಕ್ಕೆ ಎಳೆದಿತ್ತು ಅಂತ ಕಾಣುತ್ತೆ, ಶ್ರುತಿ ಎಲ್ಲೋ ಮಾಡಿನ ಮೇಲೆ ಹೋಗಿ ಕೂತ್ಕೊಂತು. ನಂಗೆ ಗೊತ್ತಾಗ್ಲಿಲ್ಲ. ಕಿವೀಲಿ ಸಮುದ್ರ ಮೊರೀತಿತ್ತು. ಜನ ಹಿಡ್ಕೊಂಡ್ರು. ಎರಡನೇ ಸೊಲ್ಲಿಗೆ ಗಂಡಸರ ದನಿ ಕಮ್ಮಿ ಆಯ್ತು. ಮೂರನೇದಕ್ಕೆ ಹೆಂಗಸರೂ ಒದ್ದಾಡಿ ಹತ್ತಿದ್ರು, ನೂಲು ಎಳೆದೂ ಎಳೆದೂ ಇನ್ನೇನು ಕಿತ್ತು ಹೋಗುತ್ತೆ ಅನ್ನೋ ಹಂಗೆ. ಒಬ್ಬರೂ ಬಿಡಲಿಲ್ಲ. ಅದೇ ಕಷ್ಟ. ಬಿಟ್ಟಿದ್ರೆ ನಾನೂ ನಿಲ್ತಿದ್ದೆ. ಐನೂರು ಜನ ನನ್ನ ತಪ್ಪನ್ನ ಹೊತ್ಕೊಂಡು ಹತ್ತಿದ್ರು, ಕತ್ತಿನ ನರ ಉಬ್ಬಿಸ್ಕೊಂಡು, ಕೆಂಪಗಾಗಿ. ಎತ್ತಿದವನು ಮಾತ್ರ ಇಳಿಸಬಹುದು. ಇಳಿಸೋಕೆ ನಂಗೆ ದಾರಿ ಕಾಣ್ಲಿಲ್ಲ.

ಎರಡನೇ ಚರಣ ಮುಗೀತು. ಮುಂದಿನ ಸೊಲ್ಲು ನಂದು. ಬಾಯಿ ತೆಗೆದೆ, ಗಾಳಿ ಕೂಡ ಬರಲಿಲ್ಲ. ನಾಲಿಗೆ ಚರ್ಮದ ತುಂಡು. ಕಾಲು ಹಲಗೆಗೆ ಬಡ್ಕೊಳ್ತಿತ್ತು, ಆ ಸದ್ದು ಇಡೀ ಚರ್ಚಿಗೆ ಕೇಳಿರಬೇಕು.

ಆಗ ಅಪ್ಪ ಎತ್ತಿದ.

ಕೆಳಗಿನಿಂದ. ಬಾವಿಯಿಂದ ಬಂದಂಗೆ. ಒಂದೊಂದು ಮಾತೂ ಇಡಿಯಾಗಿ, ಸ್ಪಷ್ಟವಾಗಿ. ನಾಲ್ಕು ತಿಂಗಳಿಂದ ಅಮ್ಮನ ಹೆಸರು ಹಿಡಿದು ಕರೆಯೋಕೆ ಆಗದಿದ್ದ ಮನುಷ್ಯ. ಜನ ಎಲ್ಲ ಒಟ್ಟಿಗೆ ಅವನ ದನಿಗೆ ಇಳಿದ್ರು. ಹೊರೆ ಕೆಳಗಿಟ್ಟವರ ಹಂಗೆ. ಕೊನೇ ಚರಣದ ತನಕ ಅವನೇ ಎತ್ತಿದ. ನಾನು ಗೂಡಲ್ಲಿ ಪುಸ್ತಕ ಹಿಡ್ಕೊಂಡು ಕೂತಿದ್ದೆ.

ಅಲ್ಲಿಂದ ನೇರ ಕಾಣ್ತಿತ್ತು. ಅವನ ಎಡಗೈ ಮುಂದಿನ ಬೆಂಚಿನ ಹಲಗೆ ಕೆಳಗೆ ಹೋಗಿತ್ತು. ಬೆರಳುಗಳು ಮರಾನ ಹಿಡಿದಿದ್ವು, ಗೆಣ್ಣು ಬಿಳಿ. ಸ್ವಾಧೀನ ಇದ್ದ ಕಾಲು ಗಡಗಡ ನಡುಗ್ತಿತ್ತು. ಮುಖ ಮಾತ್ರ ಕಂಬ.

ಅದು ತಾಳ ಹಾಕಿದ್ದಲ್ಲ. ನಾಲ್ಕು ಗುಳಿ.

ಬಿಟ್ಟ ಮೇಲೆ ಎಲ್ಲ ಬಂದು ಅಪ್ಪನ ಕೈ ಹಿಡಿದು ಅತ್ರು. ಅವನು 'ಹೂಂ, ಹೂಂ' ಅಂದ, ಅಷ್ಟೇ, ಮತ್ತೆ ಮಾತಿಲ್ಲ. ನನ್ನನ್ನ ಯಾರೂ ಬೈಲಿಲ್ಲ. ಸೋರ್ಲಿ ಕೂಡ ಆಡ್ಕೊಳ್ಳಲಿಲ್ಲ, ಅದಕ್ಕೇ ಗೊತ್ತಾಯ್ತು ಎಷ್ಟು ಕೆಟ್ಟದಾಗಿತ್ತು ಅಂತ. ಇವ್ಯಾಂಡರ್ ಅವ್ರು ಗೋಡೆ ಮರೆಗೆ ಕರ್ಕೊಂಡು ಹೋದ್ರು.

'ಬೆಳಗ್ಗೆ ವಾಂತಿ ಆಯ್ತಾ ಮಗಾ?'

'ಇಲ್ಲ. ತಡ್ಕೊಂಡೆ.'

'ಅದೇ ತಪ್ಪು ಮಾಡ್ದೆ. ನಿಮ್ಮಪ್ಪ ಅದನ್ನ ಯಾವತ್ತೂ ಚರ್ಚೊಳಗೆ ತಂದೋನಲ್ಲ.'

ಅಕ್ಟೋಬರ್ 20

ಅಮ್ಮನ್ನ ಕೇಳಿದೆ. ಆಲೂಗಡ್ಡೆ ಸುಲೀತಾ ಹೇಳಿದ್ಲು, ತಲೆ ಎತ್ತದೆ. ಮೂವತ್ತೊಂದು ವರ್ಷ, ಪ್ರತಿ ಭಾನುವಾರ, ಕೊಟ್ಟಿಗೆ ಹಿಂದೆ. ಮದುವೆಯಾದ ಹೊಸತರಲ್ಲಿ ಇವಳು ಹೆದರಿ ನರ್ಸನ್ನ ಕರೆಸೋಕೆ ಹೋಗಿದ್ಲಂತೆ. ಆಮೇಲೆ ಒಂದು ಬಕೆಟ್ಟಲ್ಲಿ ನೀರು, ಒಂದು ಬಟ್ಟೆ ಇಟ್ಟಿರ್ತಿದ್ಲು. ಮಕ್ಕಳಿಗೆ ಗೊತ್ತಾಗಬಾರದು, ಗೊತ್ತಾದ್ರೆ ಅವಕ್ಕೂ ಅಂಟುತ್ತೆ ಅಂತ ಅವನ ಲೆಕ್ಕ. ಅದಕ್ಕೇ ಹಸು ನೋಡ್ಕೊಂಡು ಬರೋದು.

ನಮ್ಮ ಹಸು ಐವತ್ತನಾಲ್ಕರಲ್ಲಿ ಸತ್ತುಹೋಯ್ತು. ಮುಂದಿನ ಬೇಸಿಗೆ ತನಕ ಕೊಟ್ಟಿಗೆ ಖಾಲಿ ಇತ್ತು. ಆ ಚಳಿಗಾಲ ಪೂರ್ತಿ ಹಸು ನೋಡ್ಕೊಂಡು ಬರ್ತೀನಿ ಅಂತ ಹೋಗ್ತಿದ್ದ. ನಂಗೆ ಆಗ ಹದಿನೆಂಟು. ಒಂದು ಸಲಾನೂ ಯಾವ ಹಸು ಅಂತ ಕೇಳಲಿಲ್ಲ.

ಅಕ್ಟೋಬರ್ 22

ಶೆಡ್ಡಲ್ಲಿ ಅಪ್ಪನ ಮುಂದೆ ಕೂತು, ಇನ್ನೊಂದು ಸಲ ಹಾಡು ಅಪ್ಪ, ಒಂದೇ ಸೊಲ್ಲು ಅಂದೆ. 'ಅಲ್ಲ' ಅಂದ. ನಾನು ಎತ್ತಿದೆ, ಅವನು ಸೇರ್ಕೊಳ್ಳಲಿ ಅಂತ. ತುಟಿ ಆಡ್ತು, ದನಿ ಬರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು, ಬಲಗಡೆ ಕಣ್ಣು ಈಗ ಸುಮ್ಮಸುಮ್ಮನೆ ಸೋರುತ್ತೆ, ಅದೂ ಇರಬಹುದು.

ಸೋರ್ಲಿ ಸಹಿ ಹಾಕಿ ಕಳಿಸಿದಾನಂತೆ. ನಂದೆಲ್ಲಿ ಅಂದ. ಇನ್ನೂ ದಿನ ಇದೆಯಲ್ಲ ಅಂದೆ.

ಅಕ್ಟೋಬರ್ 28. ಮಂಗಳವಾರ

ಅಪ್ಪ ಹೋದ. ಬೆಳಗ್ಗೆ ಆರೂಕಾಲು. ಗಂಜಿ ಕುಡಿಸೋಕೆ ಅಂತ ಎಬ್ಬಿಸಿದ್ರೆ ಏಳಲಿಲ್ಲ.

ಅಕ್ಟೋಬರ್ 29

ಮನೆ ತುಂಬಾ ಜನ. ಬಾಗಿಲ ಹತ್ರ ಒಂದು ಹೆಂಗಸು ಇನ್ನೊಬ್ಬಳಿಗೆ ಹೇಳ್ತಿದ್ಲು, ಇದ್ದ ಉಸಿರೆಲ್ಲ ಅವತ್ತು ಗುರುವಾರ ಖರ್ಚು ಮಾಡಿಬಿಟ್ಟ ಅಂತ. ನನ್ನನ್ನ ನೋಡಿ ಟೀ ಲೋಟ ಎತ್ಕೊಂಡು ಒಳಗೆ ಹೋದ್ಲು. ಡಾಕ್ಟ್ರನ್ನ ಕೇಳಿದೆ. ಹಂಗೆಲ್ಲ ಏನಿಲ್ಲ, ಇದು ಯಾವತ್ತೋ ಬರೋದಿತ್ತು ಅಂದ್ರು. ನನ್ನ ಮುಖ ನೋಡದೆ ಅಂದ್ರು. ಆಮೇಲೆ, ಬರೆದ ಪುಸ್ತಕ ಎಲ್ಲಪ್ಪಾ ಅಂದ್ರು. ಕಳೆದುಹೋಯ್ತು ಅಂದೆ.

ನಾನು ಗುರುವಾರ ಸರಿಯಾಗಿ ಎತ್ತಿದ್ರೆ ಅವನು ಎತ್ತಬೇಕಿರಲಿಲ್ಲ. ಇದನ್ನ ಯಾವ ಡಾಕ್ಟ್ರೂ ತೆಗೆಯೋಕಾಗಲ್ಲ.

ಸಂಜೆ ಐದಕ್ಕೆ ಮನೆಯಲ್ಲೇ ಪ್ರಾರ್ಥನೆ. ಪೆಟ್ಟಿಗೆ ಒಳಕೋಣೇಲಿ, ಜನ ಹಲಗೆ ಹಾಕ್ಕೊಂಡು ಅಡುಗೆಮನೆ ತನಕ ಕೂತಿದ್ರು. ಪಾದ್ರಿ ಕೀರ್ತನೆ ಹೇಳಿ ಪುಸ್ತಕ ಮುಚ್ಚಿದ್ರು. ಸೊಲ್ಲೆತ್ತೋನು ಪೆಟ್ಟಿಗೇಲಿದ್ದ. ಯಾರೂ ಯಾರ ಮುಖಾನೂ ನೋಡ್ಲಿಲ್ಲ. ಇವ್ಯಾಂಡರ್ ಅವ್ರು ನೆಲ ನೋಡ್ತಿದ್ರು.

ಪುಸ್ತಕ ನನ್ನ ಕೈಯಲ್ಲಿ ನಡುಗಿ ಹಾಳೆ ಸದ್ದು ಮಾಡ್ತಿತ್ತು. ಪಕ್ಕದಲ್ಲಿ ಸೋರ್ಲಿ ಅದನ್ನ ನೋಡಿ ಕಿಟಕಿ ಕಡೆ ತಿರುಗಿದ. ನಡುಗ್ಲಿ ಬಿಡು ಅಂದ್ಕೊಂಡು ಪುಸ್ತಕ ತೊಡೆ ಮೇಲಿಟ್ಟೆ. ಕೂತಿದ್ದ ಹಲಗೆ ಅಡಿ ಕೈ ಹಾಕಿ ಹಿಡ್ಕೊಂಡು, ಕೆಳಗಿಂದ ಎತ್ತಿದೆ. ಎಷ್ಟು ಕೆಳಗೆ ಅಂದ್ರೆ ಮೊದಲ ಮಾತು ಹೆಚ್ಚುಕಮ್ಮಿ ಮಾತಾಡಿದ ಹಂಗಿತ್ತು. ಅವ್ರು ಹಿಡ್ಕೊಂಡ್ರು. ಒಳಕೋಣೆಯಿಂದ ಅಮ್ಮನ ದನಿ ಕೇಳಿಸ್ತು.

ಅಕ್ಟೋಬರ್ 30

ಗಂಡಸರೆಲ್ಲ ಸರದಿ ಮೇಲೆ ಹೊತ್ಕೊಂಡು ಹೋದ್ವಿ, ಎರಡೂವರೆ ಮೈಲಿ. ತಲೆ ಕಡೆ ನಾನು. ಗಾಳಿ ಎದುರಿಗಿತ್ತು. ಅಪ್ಪ ಹಗುರ ಇದ್ದ.

ನವೆಂಬರ್ 3. ಸೋಮವಾರ

ಸೋರ್ಲಿ ಬೆಳಗಿನ ಹಡಗಿಗೆ ಹೊರಟ. ಬಂದರು ತನಕ ಹೋಗಿ ಬಂದೆ. ಮುಂದಿನ ವರ್ಷ ಬಾರೋ ಅಂದ, ನೋಡಣ ಅಂದೆ. ಅವನ ಕೈ ತಣ್ಣಗಿತ್ತು, ಒದ್ದೆಯಾಗಿತ್ತು. ನಂಗೆ ಗೊತ್ತಿರೋ ಒದ್ದೆ. ಹಡಗು ಹತ್ತೋ ಮುಂಚೆ ಎಲ್ಲಾದ್ರೂ ಮರೇಲಿ ಹೋಗಿ ವಾಂತಿ ಮಾಡ್ಕೋ, ತಡ್ಕೋಬೇಡ ಅಂದೆ. ಹುಚ್ಚು ನನ್ಮಗನೆ ಅಂದ. ಹೋದ ಅಂತ ಕಾಣುತ್ತೆ, ಬಂದರಿನ ಶೆಡ್ಡಿನ ಹಿಂದಿಂದ ಬಾಯಿ ಒರೆಸ್ಕೊಂಡು ಬಂದ.

ಮಧ್ಯಾಹ್ನ ಮಗ್ಗಕ್ಕೆ ಕೂತೆ. ಮಗ್ಗದ ಎಡಗಾಲು ಕುಂಟುತಿತ್ತು. ಗಡಿಯಾರದ ಹಿಂದೆ ಇದ್ದ ಕಾಗದ ನಾಲ್ಕು ಮಡಿಕೆ ಮಾಡಿ ಅದರಡಿ ಇಟ್ಟೆ. ಈಗ ಅಲ್ಲಾಡಲ್ಲ.

ನವೆಂಬರ್ 9. ಭಾನುವಾರ

ಹೆಕ್ಟರ್ ಮೇಷ್ಟ್ರು ಇನ್ನು ಬರೋ ಹಂಗಿಲ್ಲವಂತೆ. ಮಂಡಳಿಯವರು ಭಾನುವಾರಕ್ಕೂ ಒಪ್ಪಿದಾರೆ, ಇವತ್ತಿಂದ ಗೂಡಲ್ಲಿ ನಾನು.

ಬೆಳಗ್ಗೆ ಎದ್ದಾಗ ಬಾಯಿ ಒಣಗಿತ್ತು, ಕೈ ಒದ್ದೆ, ಮೊಣಕಾಲ ಹಿಂದೆ ಅದೇ ಪಟಪಟ. ಎಷ್ಟು ಸಲ ಉಚ್ಚೆಗೆ ಹೋದೆ ಅಂತ ಎಣಿಸಲಿಲ್ಲ. ಅಪ್ಪನ ಕಪ್ಪು ಕೋಟು ಹಾಕ್ಕೊಂಡೆ, ಭುಜದಲ್ಲಿ ಸ್ವಲ್ಪ ದೊಡ್ಡದು. ಅಡುಗೆಮನೆ ಕಿಟಕಿಯಿಂದ ನೋಡಿದ್ರೆ ಕೊಟ್ಟಿಗೆ ಹಿಂದೆ ಕಲ್ಲಿನ ಮೇಲೆ ಒಂದು ಬಕೆಟ್ಟು ನೀರು, ಪಕ್ಕದಲ್ಲಿ ಮಡಚಿಟ್ಟ ಬಟ್ಟೆ.

ಅಮ್ಮ ಒಲೆಗೆ ಹೆಂಟೆ ಹಾಕ್ತಿದ್ಲು. ನನ್ನ ಕಡೆ ನೋಡಲಿಲ್ಲ.

'ಹಸು ನೋಡ್ಕೊಂಡು ಬರ್ತೀನಿ' ಅಂದೆ.

'ಹೂಂ' ಅಂದ್ಲು.